ಟೊಂಗೆ ಕೊಡುತ್ತಿದ್ದ ಬಾಳವ್ವ

ನಮ್ಮ ದೊಡ್ಡವ್ವ ಬಾಳವ್ವ ಕೂತು ಉಂಡದ್ದನ್ನು ನಾನು ಕಂಡಿಲ್ಲ. ರೊಟ್ಟಿಯ ಮೇಲೆ ಪಲ್ಯ ಹಾಕಿಕೊಂಡು, ಟಿಕೋಟೆಯ ತನ್ನ ಹಿತ್ತಲಲ್ಲಿ ಅಡ್ಡಾಡುತ್ತಲೇ ಊಟ ಮುಗಿಸುವಳು. “ಕೂತ್ರ ಕಾಲು ಹಿಡಿತಾವಬೇ” ಎನ್ನುವಳು. ಅವಳು ಅವ್ವನ ಅಕ್ಕ. ಅವ್ವನಿಗಿಂತ ಹೆಚ್ಚು ನನ್ನನ್ನು ಬೈದು ಬೆಳೆಸಿದವಳು.

ಆ ಹಿತ್ತಲಲ್ಲೊಂದು ದಾಳಿಂಬೆ ಗಿಡವಿತ್ತು. ಮನೆತನದ ಹೆಣ್ಣುಮಕ್ಕಳು ಗಂಡನ ಮನೆಗೆ ಹೊರಟಾಗ ಅದರದೊಂದು ಟೊಂಗೆಯನ್ನು ಒದ್ದೆ ಅರಿವೆಯಲ್ಲಿ ಸುತ್ತಿ ಉಡಿಯಲ್ಲಿಟ್ಟು ಕಳಿಸುವುದು ಅವಳ ಪದ್ಧತಿ. ಬೀಜ ಕೇಳಿದರೆ ಕೊಡುತ್ತಿರಲಿಲ್ಲ. “ಬೀಜದ ಗಿಡ ಹುಳಿ ಹಣ್ಣ ಕೊಟ್ರ ಯಾರ್ನ ಕೇಳ್ತಿ? ಟೊಂಗಿ ಹಂಗಲ್ಲ. ಅದ ಗಿಡ, ಅದ ಹಣ್ಣ.” ಮಗಳು ಕಾಶವ್ವ ಬಬಲೇಶ್ವರಕ್ಕೆ ಹೋದಾಗಲೂ ಉಡಿಯಲ್ಲಿ ಟೊಂಗೆ ಹೋಯಿತು.

ಕಾಶವ್ವ ತವರಿಗೆ ಬಂದು ಚೊಚ್ಚಲ ಹೆರಿಗೆಯಲ್ಲೇ ತೀರಿಕೊಂಡಳು. ಉಳಿದ ಹೆಣ್ಣು ಕೂಸನ್ನು ಬೀಗಿತ್ತಿ ಬಬಲೇಶ್ವರಕ್ಕೆ ಒಯ್ದಳು. ದೊಡ್ಡವ್ವ ಅಮಾಸಿಗೊಮ್ಮೆ ಗಾಡಿ ಕಟ್ಟಿಸಿಕೊಂಡು ಹೋಗಿ ನೋಡಿ ಬರುವಳು, ಬಂದವಳು ಮತ್ತಷ್ಟು ಅಡ್ಡಾಡುವಳು. “ಮೂಗು ಅವರದು, ಕಿವಿ ಅವರದು. ನನ್ನ ಮಗಳದ್ದ ಏನೂ ಇಲ್ಲ.” ಅಲ್ಲಿ ನೆಟ್ಟ ಟೊಂಗೆ ಹಣ್ಣು ಬಿಟ್ಟಿತು, ಬಣ್ಣ, ರುಚಿ ಎಲ್ಲ ಟಿಕೋಟೆಯದೇ. “ಗಿಡ ತಿರುಗಿ ಬಂತು, ಮಗಳು ಬರಲಿಲ್ಲ” ಎಂದು ಅತ್ತಳು.

ಕೂಸು ನೀಲವ್ವನಿಗೆ ಮೂರು ತುಂಬುವಾಗ ಬೀಗಿತ್ತಿ ಹಾಸಿಗೆ ಹಿಡಿದಳು. ಅಳಿಯ ಇನ್ನೊಂದು ಲಗ್ನಕ್ಕೆ ನಿಂತ. ಹುಡುಗಿಯನ್ನು ಇಟ್ಟುಕೊಳ್ಳುತ್ತೀರೋ ಇಲ್ಲವೋ ಎಂದು ಹೇಳಿಕಳಿಸಿದ. ದೊಡ್ಡವ್ವ ಬಾವಿಗೂ ಬಾಗಿಲಿಗೂ ತಿರುಗಾಡಿದಳು. “ದಿನಾ ಆ ಮಾರಿ ನೋಡಿಕೋತ ಹೆಂಗ ಇರಲಿ? ಅದರಾಗ ಕಾಶಿ ಇಲ್ಲ.”

ನಾನು ಆಗ ವಿಜಾಪುರದ ಹೈಸ್ಕೂಲಿನಿಂದ ಸೂಟಿಗೆ ಬಂದಿದ್ದೆ. ಮಾಸ್ತರರು ಹೇಳಿದ ಪಾಠ ಬಾಯಲ್ಲೇ ಇತ್ತು.

“ಟೊಂಗಿಗೆ ಒಂದ ಗಿಡ ಸಾಕು, ದೊಡ್ಡವ್ವ. ಅದಕ್ಕ ಅದು ಅದರಂಗ ಬರತೈತಿ. ಬೀಜಕ್ಕ ಇಬ್ಬರು ಬೇಕು. ಒಂದು ಹೂವಿನ ಪರಾಗ ಇನ್ನೊಂದು ಹೂವಿನಾಗ ಬಿದ್ದು ಬೀಜ ಕಟ್ಟತೈತಿ. ಅರ್ಧಾ ಅವ್ವಂದು, ಅರ್ಧಾ ಅಪ್ಪಂದು. ಮ್ಯಾಲೆ ಕಾಣದಿದ್ರೂ ಒಳಗ ಇರತೈತಿ.”

ಅವಳು ನಿಂತಳು. “ನಿಮ್ಮ ಮಾಸ್ತರಗ ಇದು ಖರೇ ಗೊತ್ತೈತೇನ?”

“ಪುಸ್ತಕದಾಗ ಐತಿ.”

ನಿಜ ಹೇಳಬೇಕೆಂದರೆ ನನಗೇ ಪಾಠ ಪೂರ್ತಿ ತಿಳಿದಿರಲಿಲ್ಲ, ಶಾಣ್ಯಾತನ ತೋರಿಸುತ್ತಿದ್ದೆ. ಆದರೆ ಅವಳು “ಅರ್ಧಾ ಇದ್ರ, ಆ ಅರ್ಧಾ ಯಾಕ ಬಿಡಲಿ?” ಎಂದು ಆಗಲೇ ಗಾಡಿ ಕಟ್ಟಿಸಿದಳು. ಸಂಜೆಗೆ ನೀಲವ್ವ ಟಿಕೋಟೆಯಲ್ಲಿ ತನ್ನ ಆಯಿಯ, ಅಂದರೆ ಅವ್ವನ ಅವ್ವನ, ಮನೆಯಲ್ಲಿದ್ದಳು.

ಮುಂದೆ ಪ್ರತಿ ಸೂಟಿಗೂ ನನ್ನ ವಿಚಾರಣೆ. “ಅರ್ಧಾ ಅಂದಿದ್ದಿ, ಎಲ್ಲೈತಿ ತೋರಸು.” ನಕ್ಕರೆ ನಗು ನೋಡುವಳು, ಮಲಗಿದರೆ ಬೆರಳು ಬಿಡಿಸಿ ನೋಡುವಳು. ಹುಡುಗಿಯೋ ದಾಳಿಂಬೆ ಬಾಯಿಗಿಟ್ಟರೆ ಉಗುಳಿ, ಹುಣಸೆಕಾಯಿಗೆ ಗಿಡ ಹತ್ತುವವಳು. ನಾನು ಏನು ತೋರಿಸಲಿ? ಸುಳ್ಳು ಹೇಳಿದೆನೇನೋ ಎಂದು ನನಗೇ ಹೆದರಿಕೆಯಾಗುತ್ತಿತ್ತು.

ಮಾಸ್ತರಿಕೆಯ ಟ್ರೇನಿಂಗಿಗೆ ಹೋಗುವ ಮುಂಚೆ ಕೊನೆಯ ಸಲ ಕಂಡಾಗ ನಾನೇ ಕೇಳಿದೆ, “ಅರ್ಧಾ ಸಿಕ್ಕತೇನ?”

“ಹುಡುಕೂದ ಬಿಟ್ಟೇನಿ. ಅಕಿ ಓಡತಾಳ, ಹಿಡಿಯೂದರಾಗ ಹೊತ್ತು ಹೋಗತೈತಿ” ಎಂದಳು.

ಎರಡು ತಿಂಗಳಿಗೆ ಸುದ್ದಿ ಬಂತು. ಹೋದಾಗ ಪಡಸಾಲೆಯ ತುಂಬ ಮಂದಿ. ನೀಲವ್ವ ನನ್ನ ಸೆರಗು ಎಳೆದು ಕಿವಿಯಲ್ಲಿ ಕೇಳಿದಳು:

“ಶಾಂತಕ್ಕ, ಎಲ್ಲಾರೂ ನಿಮ್ಮ ಆಯಿ ಸತ್ತಳು ಅಂತಾರ. ಸತ್ತಾಕಿ ನಮ್ಮವ್ವ ಅಲ್ಲೇನ?”

“ಹೌದವಾ, ನಿಮ್ಮವ್ವನ” ಎಂದೆ.