ಹಿಮದಲ್ಲಿ ಹೂತ ಜೀಪು

ಗೆಳೆಯರೇ, ಇಲ್ಲಿ ವಿದೇಶದಲ್ಲಿ, ಟಾರ್ನೀಟ್ ಎಂಬ ಊರಲ್ಲಿ ನಾನು ಬಾಡಿಗೆಗಿರುವ ಮನೆಯ ಮಾಲೀಕ ಸುಧಾಕರ್ ಅಂಕಲ್‌ರ ಮೂವತ್ತು ವರ್ಷದ ಜೀಪು ಇವತ್ತು ಬೆಟ್ಟದ ಹಿಮದಲ್ಲಿ ಹೂತುಕೊಂಡಿತು. ನಾಲ್ಕೂ ಚಕ್ರ ತಿರುಗಿಸುವ ಫೋರ್ ವೀಲ್ ಗೇರ್ ಹಾಕಿದರೂ ಹಿಂದಿನ ಚಕ್ರಗಳಷ್ಟೇ ತಿರುಗುತ್ತಿದ್ದವು. ದಾರಿಯುದ್ದಕ್ಕೂ ನಾನು ಅದರ ಮ್ಯಾನುಯಲ್ ಓದಿದ್ದೆ.

"ಅಂಕಲ್, ಇಳಿದು ಮುಂದಿನ ಚಕ್ರಗಳ ನಡುವಿನ ಹಬ್ ಕೈಯಲ್ಲೇ ಲಾಕ್ ಮಾಡ್ಬೇಕಂತೆ, ಆಗಲೇ ಅವೂ ತಿರುಗೋದಂತೆ," ಎಂದೆ.

"ಲಿಟರೇಚರ್ ಓದಿದವಳು ನಂಗೆ ಜೀಪ್ ಕಲಿಸ್ತೀಯೇನಮ್ಮಾ? ಇಳಿದು ತಳ್ಳು."

ಅರ್ಧ ಗಂಟೆ ತಳ್ಳಿದೆ. ಬೂಟಿನೊಳಗೆ ಹಿಮ ಕರಗಿ ಕಾಲು ಮರಗಟ್ಟಿತು. ಅಷ್ಟರಲ್ಲಿ ಬಿಳಿಯನೊಬ್ಬ ಕಾರು ನಿಲ್ಲಿಸಿ, "ಹಬ್ ಲಾಕ್ ಮಾಡಿದ್ದೀಯಾ, ಮೇಟ್?" ಎಂದು ಇಂಗ್ಲಿಷಿನಲ್ಲಿ ಕೇಳಿದ.

"ಓ, ಥ್ಯಾಂಕ್ಯೂ ಸರ್!" ಎಂದು ಅಂಕಲ್ ಮಂಡಿಯೂರಿ ಲಾಕ್ ಮಾಡಿದರು. ಜೀಪು ಒಂದೇ ಸಲಕ್ಕೆ ಮೇಲೆ ಬಂತು.

"ನೋಡಮ್ಮಾ, ಇಲ್ಲಿಯವರಿಂದ ನಾವು ಕಲಿಯೋದು ಬಹಳ ಇದೆ," ಎಂದರು.

"ಹೌದು ಅಂಕಲ್," ಎಂದೆ. ಬೆಟ್ಟದಿಂದ ಟಾರ್ನೀಟ್‌ಗೆ ಬಸ್ಸಿಲ್ಲ ನೋಡಿ.