ಅಕ್ಕಿಯ ಮೇಲೆ ಬರೆದ ಹೆಸರು

ನೌಕರರಿಗೆ ಅವರ ಆರೋಗ್ಯ ವಿಮೆಯನ್ನು ಅರ್ಥ ಮಾಡಿಸುವುದು ನನ್ನ ಕೆಲಸ. ಕಾರವಾರದಲ್ಲಿ ಯಂತ್ರ ರಿಪೇರಿಯ ಗುತ್ತಿಗೆ ಹಿಡಿಯುವ ಒಂದು ಕಂಪನಿಯ ಆಫೀಸಿನಲ್ಲಿ ಕೂತು ವರ್ಷಗಳಿಂದ ಇದನ್ನೇ ಮಾಡುತ್ತಿದ್ದೇನೆ. ಕೇಳುವುದಕ್ಕೆ ಪುಣ್ಯದ ಕೆಲಸದ ಹಾಗಿದೆ, ಮಾಡಿ ನೋಡಿದವರಿಗೆ ಗೊತ್ತು. ಕಂಪನಿಯವರ ಕಣ್ಣಿಗೆ ನಾನು ನೌಕರರ ಪರ, ನೌಕರರ ಕಣ್ಣಿಗೆ ಕಂಪನಿಯ ಚಮಚಾ, ವಿಮೆಯವರಿಗೆ ಒಂದು ಪೀಡೆ. ಮೂವರ ಮೇಲೂ ನನಗೆ ಸಿಟ್ಟಿದೆ. ಅದನ್ನು ಮುಚ್ಚಿಡುವ ಅಭ್ಯಾಸ ನನಗಿಲ್ಲ.

ವರ್ಷಕ್ಕೊಮ್ಮೆ ಪಾಲಿಸಿ ಹೊಸದಾಗುವಾಗ ಒಂದು ಸಭೆ. ಅದನ್ನು ಊಟದ ಹೊತ್ತಿಗೇ ಇಡುತ್ತಾರೆ, ಕೆಲಸದ ಹೊತ್ತು ಹಾಳಾಗಬಾರದಲ್ಲ! ಇತ್ತ ಬಂಗಡೆ ಸಾರಿನ ಡಬ್ಬಿಗಳು ತೆರೆದುಕೊಳ್ಳುತ್ತವೆ, ಅತ್ತ ಗೋಡೆಯ ಮೇಲೆ ಹೆಡ್ ಆಫೀಸಿನ ಸಾಹೇಬನ ಮುಖ ಮೂಡಿ ಇಂಗ್ಲಿಷಿನಲ್ಲಿ ಮಾತಾಡತೊಡಗುತ್ತದೆ. ಅವನು ಮುಗಿಸಿ ಮಾಯವಾದ ಮೇಲೆ ನಾನು ಎದ್ದು ನಿಂತು ಅದನ್ನೇ ಮೊದಲು ಕನ್ನಡದಲ್ಲಿ, ಆಮೇಲೆ ಕೊಂಕಣಿಯಲ್ಲಿ ಬಿಡಿಸಿ ಹೇಳಬೇಕು. ಆಸ್ಪತ್ರೆಗೆ ಸೇರುವಾಗ ವಿಮೆಯ ಕಾರ್ಡು ತೋರಿಸಿದರೆ ನೀವು ಕೈಯಿಂದ ಕಟ್ಟಬೇಕಾಗಿಲ್ಲ, ವಿಮೆಯವರೇ ಕೊಡುತ್ತಾರೆ. ಹೆಂಡತಿ, ಮಕ್ಕಳು, ತಾಯಿ, ತಂದೆ ಎಲ್ಲರೂ ಇದರಲ್ಲಿ ಸೇರುತ್ತಾರೆ. ಆದರೆ ಅವರ ಹೆಸರನ್ನು ಆಧಾರ್ ಕಾರ್ಡಿನಲ್ಲಿ ಹೇಗಿದೆಯೋ ಹಾಗೇ ಬರೆದುಕೊಡಿ. ಈ ಕೊನೆಯ ಮಾತನ್ನಂತೂ ಪ್ರತಿ ವರ್ಷ ಗಂಟಲು ಹರಿದುಕೊಂಡು ಹೇಳುತ್ತೇನೆ.

"ಅಕ್ಕೋರೆ, ಪಗಾರದಲ್ಲಿ ಎಷ್ಟು ಕಟ್ ಆಗೂದು, ಅದೊಂದು ಹೇಳಿ. ಫಾರ್ಮು ನೀವೇ ತುಂಬ್ಕಳಿ" ಎಂದು ಹಿಂದಿನಿಂದ ಯಾರಾದರೂ ಅನ್ನುತ್ತಾರೆ. ಎಲ್ಲರೂ ನಗುತ್ತಾರೆ. ಮೀನಿನ ಮುಳ್ಳು ಬಿಡಿಸುವುದಕ್ಕೆ ಕೊಡುವ ಗಮನದಲ್ಲಿ ಅರ್ಧವನ್ನು ನನ್ನ ಮಾತಿಗೆ ಕೊಟ್ಟಿದ್ದರೂ ಈ ಕತೆ ಇರುತ್ತಿರಲಿಲ್ಲ.

ಹೆಸರಿನ ವಿಷಯಕ್ಕೆ ನಾನು ಅಷ್ಟು ಕಿರುಚಾಡಲು ಕಾರಣವಿದೆ. ನಮ್ಮ ಕಡೆ ಅನೇಕ ಮನೆಗಳಲ್ಲಿ ಮದುವೆಯ ದಿನ ಹೆಣ್ಣಿನ ಹೆಸರನ್ನು ಬದಲಿಸುತ್ತಾರೆ. ತಾಟಿನಲ್ಲಿ ಅಕ್ಕಿ ಹರಡಿ, ಗಂಡು ತನ್ನ ಉಂಗುರದಿಂದ ಅದರ ಮೇಲೆ ಹೊಸ ಹೆಸರು ಬರೆಯುತ್ತಾನೆ. ಸುತ್ತ ನಿಂತವರು ಚಪ್ಪಾಳೆ ತಟ್ಟುತ್ತಾರೆ, ಫೋಟೋ ತೆಗೆಯುತ್ತಾರೆ. ಭಾವಿಕೇರಿಯಿಂದ ಮಾಜಾಳಿಗೆ ಮದುವೆಯಾಗಿ ಬಂದ ನನಗೂ ಹಾಗೆ ಒಂದು ಹೆಸರು ಸಿಕ್ಕಿತು. ಸಿಕ್ಕಿತು ಎನ್ನುವುದು ಸುಳ್ಳು, ಹೊರಿಸಿದರು. ಬೇಕೋ ಬೇಡವೋ ಎಂದು ಯಾರೂ ಕೇಳಲಿಲ್ಲ. ಆಫೀಸಿನಲ್ಲಿ ನನ್ನ ಹುಟ್ಟಿದ ಹೆಸರೇ ನಡೆಯುತ್ತದೆ. ಮನೆಯಲ್ಲಿ ಆ ಇನ್ನೊಂದು ಹೆಸರು ಹಿಡಿದು ಕರೆದಾಗ ಇವತ್ತಿಗೂ ಬೇರೆ ಯಾರನ್ನೋ ಕರೆದರು ಅನಿಸುತ್ತದೆ. ತಾಟಿನ ಅಕ್ಕಿಯನ್ನು ಮಾರನೆಯ ದಿನವೇ ಅನ್ನ ಮಾಡಿ ಉಂಡೆವು, ಹೆಸರು ಮಾತ್ರ ಹಾಗೇ ಉಳಿಯಿತು.

ಆ ದಿನ ಫೋನು ಬಂದದ್ದು ಗಡಿಯಾಚೆ, ಗೋವೆಯ ಕಡೆಯ ಒಂದು ಆಸ್ಪತ್ರೆಯಿಂದ. ಹಾರವಾಡದವನಾದ ನಮ್ಮ ಒಬ್ಬ ವೆಲ್ಡರ್ ಹೆಂಡತಿಯನ್ನು ಆಪರೇಷನ್ನಿಗೆ ಕರೆದುಕೊಂಡು ಹೋಗಿದ್ದ. ಗರ್ಭಕೋಶದಲ್ಲಿ ಗಡ್ಡೆ. ತಿಂಗಳುಗಟ್ಟಲೆ ರಕ್ತ ಹೋಗಿ ಹೋಗಿ ಅವಳು ಬಿಳಚಿಕೊಂಡಿದ್ದಳು. ರಕ್ತ ಏರಿಸಿ ಒಂದು ಹದಕ್ಕೆ ತಂದಿದ್ದೇವೆ, ಮುಂದೂಡಿದರೆ ಮತ್ತೆ ಇಳಿಯುತ್ತದೆ, ಈಗಲೇ ಮಾಡಿಸಿಬಿಡಿ ಎಂದು ಡಾಕ್ಟರು ಹೇಳಿದ್ದರು. ಕೈಯಿಂದ ಕಟ್ಟಿ ಮಾಡಿಸುವ ತಾಕತ್ತು ಆ ಮನೆಗೆ ಇರಲಿಲ್ಲ. ವಿಮೆಯವರು ಒಪ್ಪಿದರೆ ಆಪರೇಷನ್, ಇಲ್ಲದಿದ್ದರೆ ಇಲ್ಲ.

ಆಸ್ಪತ್ರೆಯ ವಿಮೆ ಕೌಂಟರಿನವನು ಕೊಂಕಣಿಯಲ್ಲಿ ಶುರುಮಾಡಿದ. "ಬಾಯೀ, ನಿಮ್ಮ ಕಂಪನಿಯವರು ನಮ್ಮನ್ನು ಏನೆಂದುಕೊಂಡಿದ್ದಾರೆ? ಈ ಹೆಂಗಸಿನ ಆಧಾರಿನಲ್ಲಿರುವ ಹೆಸರು ನಿಮ್ಮ ಪಾಲಿಸಿಯಲ್ಲಿ ತಾಯಿ ಅಂತ ಇದೆ. ಎದುರಿಗೆ ನಿಂತವಳು ಮುದುಕಿಯಲ್ಲ. ಅತ್ತೆಯ ಹೆಸರಿನಲ್ಲಿ ಸೊಸೆಯ ಆಪರೇಷನ್ ಮಾಡಿಸಲಿಕ್ಕೆ ಬಂದಿದ್ದಾರೆ."

ನನಗೆ ಕೂಡಲೇ ಹೊಳೆಯಿತು. ಅತ್ತೆಯ ಹೆಸರೂ ಸೊಸೆಯ ಹುಟ್ಟಿದ ಹೆಸರೂ ಒಂದೇ. ಅದೇ ಕಾರಣಕ್ಕೆ ಮದುವೆಯ ದಿನ ಸೊಸೆಗೆ ಬೇರೆ ಹೆಸರು ಇಟ್ಟಿದ್ದರು. ವೆಲ್ಡರ್ ಪಾಲಿಸಿಗೆ ತಾಯಿಯ ಹೆಸರು ಕೊಟ್ಟಿದ್ದ, ಹೆಂಡತಿಯದೆಂದು ಅಕ್ಕಿಯ ಮೇಲೆ ಬರೆದ ಹೆಸರು ಕೊಟ್ಟಿದ್ದ. ಆದರೆ ಹೆಂಡತಿಯ ಆಧಾರಿನಲ್ಲಿ ಮದುವೆಯಾದ ಮೇಲೆ ಅಡ್ಡಹೆಸರನ್ನು ಮಾತ್ರ ತಿದ್ದಿಸಿದ್ದರು, ಹುಟ್ಟಿದ ಹೆಸರು ಹಾಗೇ ಉಳಿದಿತ್ತು. ಹೀಗಾಗಿ ಅವನ ಹೆಂಡತಿ ಕಾಗದದ ಮೇಲೆ ಅವನ ತಾಯಿಯಾಗಿ ಕೂತಿದ್ದಳು.

ನಾನು ಇಷ್ಟನ್ನೂ ಬಿಡಿಸಿ ಹೇಳಿದೆ. "ಎಲ್ಲರೂ ಇಂಥದ್ದೇ ಕತೆ ಹೇಳುತ್ತಾರೆ" ಎಂದ. ಆಧಾರಿನಲ್ಲಿ ಫೋಟೋ ಇದೆ, ಎದುರಿಗೆ ಮುಖ ಇದೆ, ನಿನಗೆ ಕಣ್ಣಿಲ್ಲವಾ ಎಂದೆ. "ಕಣ್ಣಿನಿಂದ ಕ್ಲೇಮ್ ಪಾಸಾಗುವುದಿಲ್ಲ ಬಾಯಿ" ಎಂದು ಫೋನಿಟ್ಟ. ಇದನ್ನೆಲ್ಲ ಅವನು ಹತ್ತಾರು ಜನ ಕೂತ ಹಜಾರದಲ್ಲಿ, ಅವಳ ಎದುರಿಗೇ ಮಾತಾಡಿದ್ದ. ಸೆರಗು ಬಾಯಿಗೆ ಒತ್ತಿಕೊಂಡು ನಿಂತಿದ್ದಳಂತೆ. ಆ ಸಂಜೆ ಇಬ್ಬರೂ ಲೋಕಲ್ ರೈಲು ಹಿಡಿದು ಹಾರವಾಡಕ್ಕೆ ವಾಪಸಾದರು.

ಮರುದಿನ ವೆಲ್ಡರನನ್ನು ಕರೆದು ಒಂದು ಅರ್ಜಿ ಮುಂದಿಟ್ಟೆ. ಹೆಸರು ಬದಲಾವಣೆ ಎಂದು ಬರೆದರೆ ವಿಮೆಯವರು ಅಫಿಡವಿಟ್ ಕೇಳುತ್ತಾರೆ, ಗೆಜೆಟ್ ಕೇಳುತ್ತಾರೆ, ಅಲೆದಾಡಿಸುತ್ತಾರೆ. ನೌಕರನೇ ತಪ್ಪು ಹೆಸರು ಕೊಟ್ಟಿದ್ದ ಎಂದು ಬರೆದರೆ ಬೇಗ ತಿದ್ದುತ್ತಾರೆ. ನಿಜವೂ ಅದೇ ತಾನೇ? ಹಾಗಾಗಿ 'ನನ್ನ ಹೆಂಡತಿಯ ಹೆಸರನ್ನು ನಾನು ತಪ್ಪಾಗಿ ಕೊಟ್ಟಿದ್ದೆ' ಎಂದು ಬರೆದಿದ್ದೆ. ಆ ಸಾಲು ಟೈಪು ಮಾಡುವಾಗ ನನಗೆ ಖುಷಿಯಾಗಿತ್ತು, ಸುಳ್ಳು ಯಾಕೆ ಹೇಳಲಿ.

ಅವನು ಓದಿ ಪೆನ್ನು ಕೆಳಗಿಟ್ಟ. "ತಪ್ಪು ಅಂತ ನಾ ಎಂತಕೆ ಬರಿಯೂದು? ಅವಳಿಗೆ ಹೆಸ್ರು ಇಟ್ಟವನೇ ನಾನು."

"ನೀ ಇಡೂಕೆ ಮೊದ್ಲು ಅವಳಿಗೆ ಹೆಸ್ರೇ ಇರ್ಲಿಲ್ವಾ?"

"ಇತ್ತು. ಅದು ಆಯಿ ಹೆಸ್ರು. ಆಯಿ ಒಪ್ಪೂದಿಲ್ಲ. ಆಧಾರನ್ನೇ ತಿದ್ಸುವಾ ಅಕ್ಕೋರೆ."

"ಅದು ತಿದ್ದಿ ಬರೂವರೆಗೆ ಅವಳ ಮೈಯಲ್ಲಿ ರಕ್ತ ಉಳೀತದಾ?"

ಅವನು ಅರ್ಜಿಯನ್ನು ನನ್ನ ಕಡೆಗೆ ತಳ್ಳಿ ಎದ್ದ. ಬಾಗಿಲ ಹತ್ತಿರ ಹೋಗಿ ತಿರುಗಿ ನಿಂತು, "ಆಯಿ ಹತ್ರ ನೀವೇ ಒಂದ್ಸಲ ಮಾತಾಡಿ" ಎಂದ. ಬೆಂಕಿ ಹಿಡಿದು ಕಬ್ಬಿಣ ಕತ್ತರಿಸುವ ಗಂಡಸು ತಾಯಿಗೆ ಹೆದರಿ ಹೆಂಡತಿಯ ಜೀವದ ಮಾತನ್ನು ನನ್ನ ತಲೆಗೆ ಕಟ್ಟಿ ಹೋದ. ನನಗೆ ಮೈಯೆಲ್ಲ ಉರಿದುಹೋಯಿತು.

ಭಾನುವಾರ ಹೈವೇಯಲ್ಲಿ ಬಸ್ಸಿಳಿದು ಅವರ ಮನೆ ಹುಡುಕಿಕೊಂಡು ಹೋದೆ. ಅಂಗಳದಲ್ಲಿ ಒಣಗಲು ಹಾಕಿದ ಮೀನಿನ ಪಕ್ಕ ಮುದುಕಿ ಕೋಲು ಹಿಡಿದು ಕಾಗೆ ಕಾಯುತ್ತ ಕೂತಿದ್ದಳು. ವೆಲ್ಡರ್ ಕುರ್ಚಿ ತಂದಿಟ್ಟು ದೂರ ನಿಂತ. ಅವನ ಹೆಂಡತಿ ಬಾಗಿಲಿಗೆ ಒರಗಿ ಹೊಸ್ತಿಲೊಳಗೆ ಕೂತಳು. ತುಟಿಯಲ್ಲಿ ಕೂಡ ಬಣ್ಣವಿರಲಿಲ್ಲ.

ನಾನು ಬಂದ ವಿಷಯ ಮುದುಕಿಗೆ ಮೊದಲೇ ಗೊತ್ತಿತ್ತು. "ಒಂದೇ ಮನೇಲಿ ಒಂದೇ ಹೆಸ್ರಿನವ್ರು ಇಬ್ರು ಇರೂದಾ? ಅಂವ ಹೆಂಡ್ತಿ ಕರೀಬೇಕಾದ್ರೆ ಹೆತ್ತವಳ ಹೆಸ್ರು ಹಿಡೀಬೇಕಾ?" ಎಂದು ಕೋಲು ನೆಲಕ್ಕೆ ಬಡಿದಳು.

"ಮನೇಲಿ ಏನಾರೂ ಕರ್ಕಳಿ. ಕಾಗದದಲ್ಲಿ ಮಾತ್ರ ಅವಳ ಹೆಸ್ರು ಬರೂದು."

"ಕಾಗದದಲ್ಲೇ ನಂಗೆ ಹೆದರ್ಕೆ. ನನ್ ಹೆಸ್ರಲ್ಲಿ ಅವಳನ್ನ ಕೊಯ್ಯೂದಾ? ಹೆಚ್ಚುಕಡ್ಮೆ ಆದ್ರೆ ಸತ್ತದ್ದು ಯಾರು ಅಂತ ಬರೀತ್ರು? ಮರುದಿನ ನನ್ ಪೆನ್ಶನ್ ನಿಲ್ತದೆ. ಬದ್ಕಿದ್ದೆ ಅಂತ ತೋರ್ಸೂಕೆ ನಾ ಯಾರ ಬಾಗ್ಲಿಗೆ ಹೋಗ್ಲಿ?"

ಅವಳ ಹೆದರಿಕೆ ಪೂರಾ ಹುಚ್ಚೇನೂ ಅಲ್ಲ. ಬದುಕಿದ್ದವರನ್ನು ಕಾಗದದ ಮೇಲೆ ಸಾಯಿಸಿ ಕೈ ತೊಳೆದುಕೊಳ್ಳುವ ಆಫೀಸುಗಳನ್ನು ನಾನೂ ಕಂಡಿದ್ದೇನೆ. ಆದರೆ ಅಲ್ಲಿ ಬಾಗಿಲಲ್ಲಿ ನಿಜವಾಗಿಯೇ ಸಾಯುವ ಹಾಗಿದ್ದವಳು ಬೇರೆಯವಳಾಗಿದ್ದಳು, ಅವಳ ಕಡೆ ಮುದುಕಿ ಒಮ್ಮೆಯೂ ತಿರುಗಿ ನೋಡಲಿಲ್ಲ. ನನ್ನ ಸಿಟ್ಟು ಒಂದು ಚೂರೂ ಇಳಿಯಲಿಲ್ಲ.

"ನೀ ಭಾವಿಕೇರಿಯವಳಂತೆ. ರೀತಿ ರಿವಾಜು ಗೊತ್ತಿಲ್ವಾ? ನಿಂಗೆ ಹೆಸ್ರು ಇಡ್ಲಿಲ್ವಾ?" ಎಂದು ನನ್ನನ್ನೇ ಕೇಳಿದಳು.

"ಇಟ್ರು. ಇಟ್ಟವರ ಮೇಲೆ ಇವತ್ತಿಗೂ ಸಿಟ್ಟದೆ."

ಆಮೇಲೆ ಇಬ್ಬರೂ ಬಾಯಿಗೆ ಬಂದಂತೆ ಮಾತಾಡಿದೆವು. ಪಕ್ಕದ ಮನೆಯವರು ಬೇಲಿಯ ಹತ್ತಿರ ಬಂದು ನಿಂತರು. ಕಾಗೆಗಳು ಮೀನಿಗೆ ಇಳಿದದ್ದು ಯಾರ ಗಮನಕ್ಕೂ ಬರಲಿಲ್ಲ. ವೆಲ್ಡರ್ ಒಮ್ಮೆ ತಾಯಿಯ ಮುಖ, ಒಮ್ಮೆ ನನ್ನ ಮುಖ ನೋಡುತ್ತ ಕಂಬದ ಹಾಗೆ ನಿಂತಿದ್ದ.

"ಸಾಕು" ಎಂದಳು ಬಾಗಿಲಲ್ಲಿ ಕೂತವಳು. ಅಲ್ಲಿಯವರೆಗೆ ಅವಳ ದನಿಯನ್ನೇ ನಾನು ಕೇಳಿರಲಿಲ್ಲ. ಚೌಕಟ್ಟು ಹಿಡಿದು ನಿಧಾನ ಎದ್ದು ನಿಂತು ಗಂಡನಿಗೆ ಹೇಳಿದಳು, "ನೀವು ಸಹಿ ಹಾಕ್ತ್ರೋ, ನಾ ತವರಿಗೆ ಹೋಗ್ಲೋ? ಅಲ್ಲಿ ನನ್ ಹೆಸ್ರು ಎಲ್ಲರಿಗೂ ಗೊತ್ತದೆ. ಸತ್ರೂ ನನ್ ಹೆಸ್ರಲ್ಲೇ ಸಾಯ್ತೆ."

ವೆಲ್ಡರ್ ಬಂದು ನನ್ನ ಕೈಯಿಂದ ಅರ್ಜಿ ತೆಗೆದುಕೊಂಡು, ಗೋಡೆಗೆ ಒತ್ತಿ ಹಿಡಿದು ಸಹಿ ಹಾಕಿದ. ಮುದುಕಿ ಕೋಲು ಬಿಸಾಡಿ ಒಳಗೆ ಹೋದಳು. ನಾನು ಅವಳ ಬೆನ್ನಿಗೇ ಕೂಗಿ ಹೇಳಿದೆ, "ಪೆನ್ಶನ್ ನಿಂತ್ರೆ ನನ್ನ ಹತ್ರ ಬನ್ನಿ. ಪೆನ್ಶನ್ನಿನವ್ರ ಸಂಗಡ ಜಗಳಾಡೂಕೂ ನಾನೇ ಬರ್ತೆ." ಅವಳು ತಿರುಗಿ ನೋಡಲಿಲ್ಲ. ಆದರೆ ಸ್ವಲ್ಪ ಹೊತ್ತಿಗೆ ಒಳಗಿನಿಂದ ಒಂದು ಲೋಟ ಚಹಾ ಬಂತು, ಸಕ್ಕರೆ ಇಲ್ಲದ್ದು. ಮರೆತದ್ದೋ ಬೇಕೆಂದೇ ಮಾಡಿದ್ದೋ, ಕುಡಿದು ಎದ್ದೆ.

ಅಲ್ಲಿಗೂ ಮುಗಿಯಲಿಲ್ಲ. ಒಂದೇ ಕುಟುಂಬದಲ್ಲಿ ಇಬ್ಬರಿಗೆ ಒಂದೇ ಹೆಸರು ಬಂದರೆ ಸಿಸ್ಟಂ ತೆಗೆದುಕೊಳ್ಳುವುದಿಲ್ಲ ಎಂದು ವಿಮೆ ಕಂಪನಿಯ ಫೋನಿನವಳು ರಾಗ ಎಳೆದಳು. ಹುಟ್ಟಿದ ತಾರೀಖು ಬೇರೆ ಇದೆ, ಸಂಬಂಧ ಬೇರೆ ಇದೆ, ಅತ್ತೆ ಸೊಸೆ ಇಬ್ಬರು ಬೇರೆ ಬೇರೆ ಹೆಂಗಸರು ಎಂದು ನಿಮ್ಮ ಸಿಸ್ಟಂಗೆ ತಿಳಿಸಿ ಹೇಳಿ ಎಂದೆ. ಅವಳು ಬೇರೆಯವರಿಗೆ ದಾಟಿಸಿದಳು, ಅವರು ಇನ್ನೊಬ್ಬರಿಗೆ. ಪ್ರತಿಯೊಬ್ಬರಿಗೂ ಮೊದಲಿನಿಂದ ಹೇಳಿದೆ, ಪ್ರತಿ ಸಲವೂ ದನಿ ಒಂದು ಮೆಟ್ಟಿಲು ಏರಿತು. ಮಾತಿನಲ್ಲಿ ಸೌಜನ್ಯ ಇರಲಿ ಎಂದು ಹೆಡ್ ಆಫೀಸಿನ ಸಾಹೇಬ ಮೇಲ್ ಕಳಿಸಿದ. ಅದನ್ನು ಓದಿ ಅಳಿಸಿದೆ. ಕೊನೆಗೆ ಹೆಸರು ತಿದ್ದಿ ಬಂತು, ಆಸ್ಪತ್ರೆಗೆ ಒಪ್ಪಿಗೆ ಹೋಯಿತು, ಆಪರೇಷನ್ ಆಯಿತು.

ಅವಳನ್ನು ನೋಡಲು ಹೋದಾಗ ನನಗೆ ಆಶ್ಚರ್ಯವಾದದ್ದು ಮುದುಕಿಯನ್ನು ಕಂಡು. ಸೊಸೆಯ ಜೊತೆಗೆ ಇರಲು ಬಂದು, ಮಂಚದ ಪಕ್ಕ ಸ್ಟೂಲಿನ ಮೇಲೆ ಕೂತು ಮೋಸಂಬಿ ಸುಲಿಯುತ್ತಿದ್ದಳು. ನನ್ನನ್ನು ನೋಡಿ ಮುಖ ತಿರುಗಿಸಿದಳು. ಸೊಸೆಯ ತುಟಿಗೆ ಒಂದಿಷ್ಟು ಬಣ್ಣ ಬಂದಿತ್ತು. ನೋವು ಇದೆಯಾ ಎಂದು ಕೇಳಿದೆ, ಅದೆ ಎಂದಳು.

ಅಷ್ಟರಲ್ಲಿ ನರ್ಸು ಬಾಗಿಲಲ್ಲಿ ನಿಂತು, ಕೈಯಲ್ಲಿದ್ದ ಫೈಲು ನೋಡಿ ಗಟ್ಟಿಯಾಗಿ ಹೆಸರು ಕರೆದಳು.

"ಓ" ಎಂದು ಮುದುಕಿ ಎದ್ದು ನಿಂತಳು.

ನರ್ಸಿಗೆ ಅರ್ಥವಾಗಲಿಲ್ಲ. ಫೈಲು ನೋಡಿ ಮತ್ತೊಮ್ಮೆ ಕರೆದಳು. "ಬಂದೆ" ಎಂದು ಮುದುಕಿ ಸುಲಿದ ಮೋಸಂಬಿಯನ್ನು ಕೈಯಲ್ಲಿ ಹಿಡಿದೇ ಒಂದು ಹೆಜ್ಜೆ ಇಟ್ಟಳು.

ಸೊಸೆ ಹೊಟ್ಟೆಯ ಮೇಲೆ ಕೈಯಿಟ್ಟುಕೊಂಡು ಮಂಚದಲ್ಲಿ ಎದ್ದು ಕೂತಳು. "ನೀವು ಕೂತ್ಕಳಿ ಅತ್ತೆ, ಕರದದ್ದು ನನ್ನ" ಎಂದಳು. ಆಮೇಲೆ ನರ್ಸಿನ ಕಡೆ ತಿರುಗಿ, ಇಡೀ ವಾರ್ಡಿಗೆ ಕೇಳುವ ಹಾಗೆ "ಓ" ಎಂದಳು.