ನಾಯಿಗೆ ಬಿಸ್ಕೀಟು ಸುಡುವಾಕಿ

ಜೋರಾಪುರ ಪೇಟೆಯಲ್ಲಿ ನನ್ನ ಮನೆ ಹುಡುಕಿಕೊಂಡು ಬರುವವರು ಮೊದಲೆಲ್ಲ ‘ಶಂಕರಪಾಳಿ ಮಾಡ್ತಾರಲ್ಲ, ಅವರ ಮನಿ ಯಾವುದ್ರಿ’ ಎಂದು ಕೇಳುತ್ತಿದ್ದರು. ಈಗ ‘ನಾಯಿಗೆ ಬಿಸ್ಕೀಟ ಸುಡ್ತಾಳಲ್ಲ, ಆಕಿ ಮನಿ’ ಎಂದರೆ ಸಾಕು, ಹಾಲು ಹಾಕುವವನೂ ಬೆರಳು ಮಾಡಿ ತೋರಿಸುತ್ತಾನೆ. ಹಾಗೆ ಹೇಳುವಾಗ ಕೆಲವರು ತುಟಿ ಸೊಟ್ಟ ಮಾಡುತ್ತಾರೆ. ಮಾಡಲಿ. ಸುಟ್ಟದ್ದು ನಿಜ, ಈಗಲೂ ಸುಡುತ್ತಿರುವುದೂ ನಿಜ.

ಮದುವೆ, ಸೀಮಂತ, ದೀಪಾವಳಿ ಬಂತೆಂದರೆ ಓಣಿಯ ಅರ್ಧ ಮನೆಗಳಿಗೆ ನನ್ನ ಅಡುಗೆಮನೆಯಿಂದಲೇ ಕರದಂಟು, ಚಕ್ಕುಲಿ, ಶಂಕರಪಾಳಿ ಹೋಗುತ್ತಿದ್ದವು. ನನ್ನ ಗಂಡನದು ಸೊಲ್ಲಾಪುರ ರಸ್ತೆಯಲ್ಲಿ ಟೈರಿನ ಅಂಗಡಿ. ಮಗಳು ಮದುವೆಯಾಗಿ ಹೋದ ಮೇಲೆ ಮನೆಯಲ್ಲಿ ನಾವಿಬ್ಬರು ಮತ್ತು ನಮ್ಮ ಅತ್ತೆ. ಅತ್ತೆಯದು ಬಲು ಕಟ್ಟುನಿಟ್ಟು. ಸ್ನಾನ, ಪೂಜೆ ಆಗದೆ ಬಾಯಿಗೆ ನೀರು ಹಾಕುವವರಲ್ಲ, ನಾಯಿ ಎಂದರೆ ಸೀರೆಯ ಸೆರಗು ಎತ್ತಿ ಹಿಡಿದು ಆಚೆ ಸರಿಯುವವರು.

ಇದೆಲ್ಲ ಶುರುವಾದದ್ದು ಒಂದು ಕೆಂಪು ಹೆಣ್ಣುನಾಯಿಯಿಂದ. ಒಂದು ಬೇಸಿಗೆಯಲ್ಲಿ ಅದು ನಮ್ಮ ಕಟ್ಟೆಯ ಬುಡದಲ್ಲಿ ಬಂದು ಬಿತ್ತು. ಕುತ್ತಿಗೆಗೆ ಯಾರೋ ಕಟ್ಟಿದ್ದ ತಂತಿ ಮಾಂಸದೊಳಗೆ ಇಳಿದು ಕೀವು ಸುರಿಯುತ್ತಿತ್ತು. ನೊಣ ಹೊಡೆದುಕೊಳ್ಳುವ ತ್ರಾಣವೂ ಅದಕ್ಕಿರಲಿಲ್ಲ. ನನ್ನ ಗಂಡ ಅಂಗಡಿಯ ಇಕ್ಕಳ ತಂದು ತಂತಿ ಕತ್ತರಿಸಿದರು. ಗೋಣಿಚೀಲದಲ್ಲಿ ಸುತ್ತಿ, ಟಂಟಂ ಆಟೋದಲ್ಲಿ ಹಾಕಿಕೊಂಡು ದನದ ದವಾಖಾನೆಗೆ ಹೋದೆವು. ಅಲ್ಲಿದ್ದ ಡಾಕ್ಟರು ವಯಸ್ಸಿನಲ್ಲಿ ನನ್ನ ಮಗಳಷ್ಟು. ಗಾಯ ತೊಳೆದು ಗುಳಿಗೆ ಕೊಟ್ಟರು.

ಗುಳಿಗೆ ನುಂಗಿಸುವುದೇ ಕಷ್ಟವಾಯಿತು. ರೊಟ್ಟಿಯೊಳಗಿಟ್ಟರೆ ರೊಟ್ಟಿ ತಿಂದು ಗುಳಿಗೆ ಉಗುಳುತ್ತಿತ್ತು. ಹಾಲು ಬ್ರೆಡ್ಡು ಹಾಕಿದರೆ ಹೊಟ್ಟೆ ಕೆಟ್ಟಿತು. ಅಂಗಡಿಯ ಪ್ಯಾಕೆಟ್ ಬಿಸ್ಕೀಟಿನ ಮಾತೆತ್ತಿದರೆ ಡಾಕ್ಟರು ಬೈದರು.

“ಮೈದಾ, ಸಕ್ರಿ ಬ್ಯಾಡ್ರಿ ಅದಕ್ಕ. ಓಣಿಗೆಲ್ಲ ಚಲೋ ತಿನಿಸ ಮಾಡ್ತೀರಂತ. ಅದಕ್ಕೂ ಒಂದ ಏನರ ಮಾಡ್ರಿ,” ಅಂದರು. ಏನು ಹಾಕಬಾರದೆಂದೂ ಹೇಳಿದರು: ಉಪ್ಪು, ಸಕ್ಕರೆ, ಉಳ್ಳಾಗಡ್ಡಿ, ಚಾಕಲೇಟು ಕೂಡದು. ದ್ರಾಕ್ಷಿಯನ್ನಂತೂ, ಹಸಿಯಾಗಿರಲಿ ಒಣಗಿರಲಿ, ಮುಟ್ಟಿಸಲೇಬಾರದು, ನಾಯಿಯ ಮೂತ್ರಪಿಂಡ ಹಾಳಾಗುತ್ತದೆ ಎಂದರು. ಕೋಳಿಯ ತತ್ತಿ ಹಾಕಿದರೆ ಹಿಟ್ಟು ಹಿಡಿದುಕೊಳ್ಳುತ್ತದೆ ಎಂದು ಕೊನೆಗೆ ಸೇರಿಸಿದರು.

ಮನೆಗೆ ಬಂದು ತತ್ತಿಯ ಮಾತು ಎತ್ತಿದೆನಷ್ಟೆ. “ತತ್ತಿ ಈ ಹೊಸ್ತಿಲಾ ದಾಟಿದ್ರ ನಾ ಹೊಸ್ತಿಲಾ ದಾಟಿ ಹೊರಗ ಹೋಗ್ತೀನಿ, ನೋಡ,” ಎಂದರು ಅತ್ತೆ. ತತ್ತಿಯ ವಿಷಯ ಅಲ್ಲಿಗೇ ಮುಗಿಯಿತು.

ಜೋಳದ ಹಿಟ್ಟಿಗೆ ಸ್ವಲ್ಪ ಗೋಧಿ ಹಿಟ್ಟು ಬೆರೆಸಿದೆ. ಹುರಿದ ಶೇಂಗಾ ಕುಟ್ಟಿ ಹಾಕಿದೆ. ಬರೀ ನೀರಿನಲ್ಲಿ ಕಲಸಿದಾಗ ಬಿಸ್ಕೀಟು ಓವನ್ನಿನಿಂದ ಹೊರಬರುವ ಮೊದಲೇ ಪುಡಿಯಾಯಿತು. ಮಗಳು ಬೇಡವೆಂದು ಬಿಟ್ಟುಹೋಗಿದ್ದ ಕರೆಂಟಿನ ಸಣ್ಣ ಓವನ್ನು ಅದು, ನನಗೂ ಹೊಸದು. ಎರಡನೆಯ ಸಲ ಕಾವು ಹೆಚ್ಚಾಗಿ ಕರಕಲಾಯಿತು. ಕೆಂಪು ನಾಯಿ ಅದನ್ನು ಮೂಸಿ ನನ್ನ ಮುಖ ನೋಡಿ ಆಚೆ ತಿರುಗಿ ಮಲಗಿತು. ಊರ ಜನ ಬಾಯಿ ಚಪ್ಪರಿಸಿ ತಿನ್ನುವ ನನ್ನ ಕೈಯ ತಿನಿಸನ್ನು ಓಣಿಯ ನಾಯಿಯೊಂದು ಒಲ್ಲೆನೆಂದದ್ದು ನನಗೆ ಎಲ್ಲಿಲ್ಲದ ಹಟ ಹುಟ್ಟಿಸಿತು. ಮರುದಿನ ಸಿಹಿಗುಂಬಳ ಬೇಯಿಸಿ, ಹಿಸುಕಿ, ಅದರಲ್ಲೇ ಹಿಟ್ಟು ಕಲಸಿದೆ. ರೊಟ್ಟಿಯ ಹಿಟ್ಟಿನಂತೆ ಚೆನ್ನಾಗಿ ನಾದಿದೆ. ಲಟ್ಟಿಸಿ, ಶಂಕರಪಾಳಿಯ ಹಾಗೆ ಚೌಕ ಕತ್ತರಿಸಿ, ಸಣ್ಣ ಕಾವಿನಲ್ಲಿ ಬಹಳ ಹೊತ್ತು ಇಟ್ಟೆ. ಹೊರಗೆ ತೆಗೆದಾಗ ಮನೆ ತುಂಬ ಹುರಿದ ಜೋಳದ ವಾಸನೆ. ಸುಡುವ ಮೊದಲೇ ಎತ್ತಿಟ್ಟಿದ್ದ ಮೆತ್ತನೆಯ ಉಂಡೆಯಲ್ಲಿ ಗುಳಿಗೆ ಮುಚ್ಚಿ ಕೊಟ್ಟೆ, ಹಿಂದೆಯೇ ಗಟ್ಟಿ ಬಿಸ್ಕೀಟು ತೋರಿಸಿದೆ. ಬಿಸ್ಕೀಟಿನ ಆಸೆಗೆ ಉಂಡೆ ಗುಳುಂ ಆಯಿತು. ಆಮೇಲೆ ಬಿಸ್ಕೀಟು ಕಟುಕಟು ಕಡಿಯುವ ಸದ್ದು. ಆ ಸದ್ದು ಕೇಳಿ ಪಟ್ಟ ಸಂತೋಷ ಎಷ್ಟೋ ಬೀಗರ ಮೆಚ್ಚುಗೆ ಕೇಳಿದಾಗಲೂ ಪಟ್ಟಿರಲಿಲ್ಲ.

ಆ ವಾರವೇ ತಿಕೋಟಾದಿಂದ ತಮ್ಮ ಬಂದ. ನನ್ನ ತವರು ಅದು, ನಮ್ಮವರದು ದ್ರಾಕ್ಷಿಯ ತೋಟ. ಡಬ್ಬಿ ತುಂಬ ಒಣದ್ರಾಕ್ಷಿ ತಂದಿದ್ದ. ಓವನ್ನಿನ ಮುಂದೆ ಕುಳಿತ ನನ್ನನ್ನು ನೋಡಿ, “ಅಕ್ಕಾ, ಒಂದ ಮುಷ್ಟಿ ಇದನ್ನೂ ಹಾಕ. ನಾಯಿನೂ ನಮ್ಮ ತೋಟದ ರುಚಿ ನೋಡಲಿ,” ಅಂದ.

“ಬ್ಯಾಡಪಾ. ದ್ರಾಕ್ಷಿ ನಾಯಿಗೆ ವಿಷ ಇದ್ದಂಗಂತ.”

“ನಮ್ಮ ದ್ರಾಕ್ಷಿ ವಿಷ? ಯಾರ ಅಂದವ್ರು?”

“ದನದ ಡಾಕ್ಟರ್.”

ತಮ್ಮನಿಗೆ ಸಿಟ್ಟು ಬಂತು. ಡಬ್ಬಿಯ ಮುಚ್ಚಳ ಬಿಗಿದು ಪಕ್ಕಕ್ಕಿಟ್ಟ. ಹೊರಡುವಾಗ ಮಾತ್ರ, ತೋಟ ಕಾಯುವ ನಾಯಿ ಉದುರಿದ ಹಣ್ಣು ತಿನ್ನುತ್ತದಲ್ಲ, ಅದನ್ನು ತಡೆಯಬೇಕೇ ಎಂದು ಮೆಲ್ಲಗೆ ಕೇಳಿದ. ತಡೆಯಲೇಬೇಕು ಅಂದೆ.

ಕೆಂಪು ನಾಯಿಯ ಗಾಯ ಮಾಯಿತು. ಅದರ ಹಿಂದೆ ಕಿವಿ ಹರಿದ ಕರಿಯದೊಂದು, ಬಿಳಿಯ ಮುದಿಯದೊಂದು ಬರತೊಡಗಿದವು. ಸುದ್ದಿಯೂ ಹಬ್ಬಿತು. ಬಬಲೇಶ್ವರಕ್ಕೆ ಕೊಟ್ಟ ನಾದಿನಿ ಫೋನು ಮಾಡಿದಳು. “ವೈನಿ, ನೀವು ನಾಯಿಗೆ ಬಿಸ್ಕೀಟ ಸುಡ್ತೀರಂತ, ಇಲ್ಲಿತನಕ ಸುದ್ದಿ ಬಂದೈತಿ. ಮಂದಿ ನಗಾಕತ್ತಾರ.”

“ಅಲ್ಲಿಗ್ಯಾಕ ನಿಲ್ಲಬೇಕು? ಜಮಖಂಡಿತನಕ ಹೋಗಲಿ,” ಅಂದೆ.

ನಗು ಮಾತ್ರವಾಗಿದ್ದರೆ ಏನೂ ಅಲ್ಲ. ಓಣಿಯಲ್ಲಿ ಒಂದು ಮದುವೆ ಬಂತು, ನನಗೆ ಹೇಳಲಿಲ್ಲ. ಒಂದು ಸೀಮಂತ ಬಂತು, ಅದಕ್ಕೂ ಹೇಳಲಿಲ್ಲ. ತಿನಿಸೆಲ್ಲ ಸ್ಟೇಷನ್ ರಸ್ತೆಯ ಅಂಗಡಿಯಿಂದ ಬಂತು. ‘ನಾಯಿಗೆ ಕಲಸಿದ ಕೈಯಿಂದ ನಮಗ ಬ್ಯಾಡ’ ಎಂದು ಹಿತ್ತಲ ಗೋಡೆಯಾಚೆ ಯಾರೋ ಅಂದದ್ದು ಕಿವಿಗೆ ಬಿತ್ತು. ನಾಯಿಯ ಬಿಸ್ಕೀಟಿಗೆ ನಾನು ಹಿಟ್ಟು ಕಲಸಲು ಬೇರೆಯೇ ಪರಾತ, ಬೇರೆಯೇ ಲಟ್ಟಣಿಗೆ ಇಟ್ಟಿದ್ದೆ. ಬೇಕೆಂದರೆ ಮನೆಮನೆಗೆ ಹೋಗಿ ಹೇಳಿ ಬರಬಹುದಿತ್ತು. ಹೇಳಲಿಲ್ಲ. ಇಷ್ಟು ವರ್ಷ ನನ್ನ ಕೈಯದು ಉಂಡವರು ಬಂದು ಕೇಳಿದ್ದರೆ ತೋರಿಸುತ್ತಿದ್ದೆ. ಕೇಳದವರ ಬಾಗಿಲಿಗೆ ಪರಾತ ಹೊತ್ತುಕೊಂಡು ಹೋಗುವಷ್ಟು ತಗ್ಗಲು ನನ್ನಿಂದಾಗಲಿಲ್ಲ.

ಎದುರುಮನೆಯ ಕಾಕಾ ಮಾತ್ರ ಎದುರಿಗೇ ಬಂದು ಹೇಳಿದರು. ನೌಕರಿಯಿಂದ ನಿವೃತ್ತರಾದವರು, ಓಣಿಯ ಹಿರಿಯರು. ಅವರ ಮೊಮ್ಮಗಳು ನಾಯಿ ಬೆನ್ನುಹತ್ತಿತೆಂದು ಹೆದರಿ ಸೈಕಲ್ಲಿನಿಂದ ಬಿದ್ದು ಮೊಣಕಾಲು ಒಡೆದುಕೊಂಡಿದ್ದಳು.

“ತಂಗಿ, ನಾಯಿ ಸಾಕೂದಾದ್ರ ನಿಮ್ಮ ಮನಿಯೊಳಗ ಸಾಕ್ರಿ. ಓಣಿಯೊಳಗ ಬ್ಯಾಡ. ಹಾಕಿದಷ್ಟೂ ಹೆಚ್ಚಾಕ್ಕಾವ.”

“ಕೂಸಿಗೆ ಪೆಟ್ಟಾಗಿದ್ದು ಖರೇನ ಕೆಟ್ಟದ್ದ ಆತ್ರಿ ಕಾಕಾ. ಆದರ ಹಸದ ನಾಯಿ ಹೆಚ್ಚ ಬೆನ್ನಹತ್ತತಾವ, ಹೊಟ್ಟಿ ತುಂಬಿದ್ದು ಅಲ್ಲ. ನಾ ಹಾಕೂದು ಬಿಡಂಗಿಲ್ಲ.”

ಅವರು ತಲೆ ಅಲ್ಲಾಡಿಸಿ ಹೋದರು.

ಆಮೇಲೆ ಒಂದು ಬೆಳಗ್ಗೆ ಕರಿಯ ನಾಯಿ ಗಟಾರದ ಪಕ್ಕ ಸತ್ತು ಬಿದ್ದಿತ್ತು. ಬಾಯಲ್ಲಿ ನೊರೆ, ಕಾಲು ಸೆಟೆದಿದ್ದವು. ನಾನು ಅದರ ಹರಿದ ಕಿವಿಯ ಮೇಲೆ ಕೈಯಿಟ್ಟು ಕೂತಿರುವಾಗಲೇ ಓಣಿಯ ವಾಟ್ಸಾಪ್ ಗುಂಪಿನಲ್ಲಿ ಅದರ ಫೋಟೊ ಬಂದಿತ್ತು. ಕೆಳಗೆ ಯಾರೋ ಬರೆದಿದ್ದರು: ‘ಆ ಬಿಸ್ಕೀಟ ತಿಂದ ಸತ್ತೈತಿ. ನಾಳಿ ನಮ್ಮ ಹುಡುಗರು ಎತ್ತಿ ಬಾಯಾಗ ಹಾಕ್ಕೊಂಡ್ರ?’ ಅದರ ಕೆಳಗೆ ಒಂದರ ಹಿಂದೊಂದು ಹೆಬ್ಬೆರಳುಗಳು.

ಅಳು ಬರಲಿಲ್ಲ. ಬೆನ್ನು ನೆಟ್ಟಗಾಯಿತು. ನಾಯಿಯನ್ನು ಚೀಲದಲ್ಲಿ ಹಾಕಿಸಿಕೊಂಡು ದವಾಖಾನೆಗೆ ಹೋದೆ. ಡಾಕ್ಟರು ಹೊಟ್ಟೆ ತೆರೆದು ನೋಡಿದರು. “ಇಲಿ ಪಾಷಾಣ ಇದ್ದಂಗ ಐತ್ರಿ. ಮಾಂಸದ ತುಂಡಿನಾಗ ಇಟ್ಟ ಹಾಕ್ಯಾರ. ನಿಮ್ಮ ಬಿಸ್ಕೀಟಿನ ಸಂಬಂಧ ಇಲ್ಲ,” ಎಂದರು.

ಸಂಜೆ ನಮ್ಮ ಕಟ್ಟೆಯ ಮುಂದೆ ಜನ ಸೇರಿದರು. ಕಾಕಾ ಇದ್ದರು, ಅಕ್ಕಪಕ್ಕದ ಹೆಂಗಸರಿದ್ದರು. ನನ್ನ ಗಂಡ ಅಂಗಡಿಯಿಂದ ಬೇಗ ಬಂದು ಬಾಗಿಲಲ್ಲಿ ನಿಂತಿದ್ದರು. ಡಾಕ್ಟರು ಹೇಳಿದ್ದನ್ನು ಹೇಳಿದೆ.

“ನೀವ ಹೋಗಿ ನೀವ ಬಂದು ಹೇಳಿದ್ರ ಹೆಂಗ ನಂಬೂದ್ರಿ?” ಎಂದಳು ಒಬ್ಬಾಕೆ. ನನ್ನ ಕೈಯ ಉಂಡಿ ತಿಂದೇ ಬಾಣಂತನ ಮಾಡಿಸಿಕೊಂಡವಳು.

ಒಳಗೆ ಹೋಗಿ ಬಿಸ್ಕೀಟಿನ ಡಬ್ಬಿ ತಂದೆ. ಹಿಂದಿನ ದಿನ ಮೂರೂ ನಾಯಿಗಳಿಗೆ ಹಾಕಿ ಉಳಿದದ್ದೇ ಅದರಲ್ಲಿತ್ತು. ಎಲ್ಲರ ಎದುರು ಒಂದು ತೆಗೆದು ಕಡಿದೆ. ಗಟ್ಟಿ ಇತ್ತು, ದವಡೆ ನೋಯಿತು. ಮತ್ತೊಂದು ತೆಗೆದೆ.

“ನಾ ಹಾಕಿದ್ದ ಇದ. ಇದರಿಂದ ಸತ್ತಿದ್ರ ನಾನೂ ಸಾಯ್ತೀನಿ, ಇಲ್ಲೇ ನಿಂತ ನೋಡ್ರಿ. ಸಾಯಲಿಲ್ಲಂದ್ರ, ಪಾಷಾಣ ಹಾಕಿದವರು ಈ ಓಣಿಯೊಳಗ ಅದಾರು ಅಂತ ತಿಳಕೋರಿ. ನಿಮ್ಮ ಹುಡುಗರ ಸಲುವಾಗಿ ನೀವು ಹೆದರಬೇಕಾದ್ದು ಅವರಿಗೆ, ನನಗಲ್ಲ.”

ಆಗ ಹಿಂದಿನಿಂದ ಅತ್ತೆಯ ದನಿ ಕೇಳಿತು. “ಸರೀ ಅತ್ತಾಗ.” ನನ್ನನ್ನು ದಾಟಿಕೊಂಡು ಕಟ್ಟೆಯ ತುದಿಗೆ ಬಂದರು. ಸಂಜೆಯ ಪೂಜೆ ಆಗಷ್ಟೇ ಮುಗಿಸಿದ್ದರು, ಹಣೆಯ ವಿಭೂತಿ ಇನ್ನೂ ಹಸಿಯಾಗಿತ್ತು.

“ನಮ್ಮ ಮನಿಯೊಳಗ ತತ್ತಿ ಸೈತ ಬರಂಗಿಲ್ಲ, ನಾ ಬಿಟ್ಟಿಲ್ಲ. ಮಾಂಸದ ತುಂಡ ಎಲ್ಲಿಂದ ಬಂತು? ಯಾರರ ಹೇಳ್ರಿ.” ಅತ್ತೆ ನನ್ನ ಕಡೆ ಕೈ ಚಾಚಿದರು. “ನನಗೂ ಒಂದ ಕೊಡ ಬೇ.”

ನನ್ನ ಕೈ ಹಿಂಜರಿಯಿತು. ಅವರು ತಾವೇ ಡಬ್ಬಿಗೆ ಕೈ ಹಾಕಿದರು. ಹಲ್ಲು ಕಡಿಮೆ, ಕಡಿಯಲಾಗಲಿಲ್ಲ. ದವಡೆಯಲ್ಲಿಟ್ಟು ನೆನೆಸಿ ನೆನೆಸಿ, ನಿಧಾನಕ್ಕೆ, ಎಲ್ಲರನ್ನೂ ಒಬ್ಬೊಬ್ಬರನ್ನಾಗಿ ನೋಡುತ್ತ ನುಂಗಿದರು. ಆಮೇಲೆ “ಉಪ್ಪಿಲ್ಲ,” ಎಂದು ಒಳಗೆ ಹೋದರು.

ಯಾರೋ ಕಿಸಕ್ಕನೆ ನಕ್ಕರು. ಜನ ಚದುರಿದರು. ಪಾಷಾಣ ಹಾಕಿದವರು ಯಾರೆಂದು ಇವತ್ತಿಗೂ ಗೊತ್ತಿಲ್ಲ. ಕಾಕಾ ಅಲ್ಲ, ಅದು ಮಾತ್ರ ಗೊತ್ತು. ಅವರದು ಏನಿದ್ದರೂ ಎದುರಿಗೆ. ಆ ರಾತ್ರಿ ಅತ್ತೆಯ ಹತ್ತಿರ ಹೋಗಿ ಏನೋ ಹೇಳಬೇಕೆಂದುಕೊಂಡೆ. “ನಾಯಿ ಮುಟ್ಟಿ ಬಂದ ಕೈ ತೊಳಕೊಂಡಿಯೇನ?” ಎಂದು ಅವರೇ ಕೇಳಿದರು. ಅವರು ಬದಲಾಗಿರಲಿಲ್ಲ, ಬದಲಾಗಬೇಕೆಂದು ನಾನೂ ಬಯಸಲಿಲ್ಲ.

ಕರಿಯ ನಾಯಿ ನೆಲದ ಮೇಲಿನದನ್ನು ಎತ್ತಿ ತಿಂದು ಸತ್ತಿತ್ತು. ಹಾಗಾಗಿ ಉಳಿದೆರಡಕ್ಕೆ ಹೊಸ ಪಾಠ ಶುರುಮಾಡಿದೆ. ಬಿಸ್ಕೀಟು ನೆಲಕ್ಕೆ ಎಸೆಯುವುದನ್ನೇ ನಿಲ್ಲಿಸಿದೆ. ನೆಲದಲ್ಲಿದ್ದದ್ದಕ್ಕೆ ಬಾಯಿ ಹಾಕಹೋದರೆ ‘ಹಾಂ!’ ಎಂದು ಗದರುತ್ತಿದ್ದೆ, ಬಿಟ್ಟು ನನ್ನ ಕಡೆ ನೋಡಿದರೆ ಕೈಯಿಂದ ಒಂದು ಸಿಗುತ್ತಿತ್ತು. ಕೆಂಪು ನಾಯಿ ಬೇಗ ಕಲಿಯಿತು. ಮುದಿಯದು ಪೂರ್ತಿ ಕಲಿಯಲೇ ಇಲ್ಲ, ಅದಕ್ಕೇ ಅದರ ಹಿಂದೆಯೇ ನಿಂತು ಕಾವಲು ಕಾದೆ.

ಕೈಗೆ ಬರುವ ನಾಯಿ ಹಿಡಿಯಲೂ ಸಿಗುತ್ತದೆ. ಡಾಕ್ಟರು ಹೇಳಿದ ದಿನ ಟಂಟಂ ತಂದು ನಿಲ್ಲಿಸಿ, ಹಿಂದೆ ಕುಳಿತು ಬಿಸ್ಕೀಟು ತೋರಿಸಿದೆ. ಕೆಂಪು ನಾಯಿ ಮೂಸುತ್ತ ಮೂಸುತ್ತ ಹತ್ತಿ ಬಂದು ನನ್ನ ತೊಡೆಯ ಮೇಲೆ ಗದ್ದ ಇಟ್ಟಿತು. ಮುದಿಯದನ್ನು ನನ್ನ ಗಂಡ ಎತ್ತಿ ಹಾಕಿದರು. ಎರಡಕ್ಕೂ ಹುಚ್ಚುನಾಯಿ ರೋಗದ ಚುಚ್ಚುಮದ್ದು ಆಯಿತು. ಕೆಂಪು ನಾಯಿಗೆ ಮರಿಯಾಗದಂತೆ ಆಪರೇಷನ್ನೂ ಆಯಿತು.

ಕಾಕಾ ಒಂದು ಬೆಳಗ್ಗೆ ಕಟ್ಟೆಯ ಹತ್ತಿರ ನಿಂತರು. “ಚುಚ್ಚಿಸಿಕೊಂಡ ಬಂದ್ರಂತ?”

“ಹೂನ್ರಿ.”

“ಆಪರೇಷನ್ನೂ ಆತಂತ?”

“ಆತ್ರಿ. ಇನ್ನ ಹೆಚ್ಚಾಗೂದಿಲ್ಲ.”

“ಹಂ,” ಎಂದು ಹೋದರು. ತಪ್ಪಾಯಿತು ಎಂದೇನೂ ಅನ್ನಲಿಲ್ಲ. ಅನ್ನಲೆಂದು ನಾನು ಬಿಸ್ಕೀಟು ಸುಟ್ಟವಳೂ ಅಲ್ಲ.

ಮೊನ್ನೆ ಓಣಿಯ ಆ ತುದಿಯ ಮನೆಯವರು ಬಂದಿದ್ದರು. ಮಗನ ಮದುವೆ, ನಿಶ್ಚಯಕ್ಕೆ ತರಿಸಿದ್ದ ಅಂಗಡಿಯ ಶಂಕರಪಾಳಿ ಬೀಗರಿಗೆ ಹಿಡಿಸಲಿಲ್ಲವಂತೆ. ಚಹಾ ಕುಡಿದು, ಊರ ಮಾತೆಲ್ಲ ಆಡಿ, ಕೊನೆಗೆ ಆ ಮನೆಯಾಕೆ ದನಿ ತಗ್ಗಿಸಿದಳು. “ನೀವ ಮಾಡಬೇಕ್ರಿ ಅಕ್ಕಾ. ಆದರ ಮದುವಿ ಮುಗಿಯೂತನಕ ಆ ನಾಯಿದು ಒಂದ ಬಂದ ಇಡ್ರಿ. ಬೀಗರು ಕೇಳಿದ್ರ ಹೆಂಗ ಹೇಳೂದು?”

“ಇದ್ದದ್ದು ಇದ್ದಂಗ ಹೇಳ್ರಿ,” ಅಂದೆ. “ಬೀಗರಿಗೂ ಮಾಡ್ತಾಳ, ನಾಯಿಗೂ ಮಾಡ್ತಾಳ, ಪರಾತ ಬ್ಯಾರೆ, ಕೈ ಒಂದ ಅಂತ ಹೇಳ್ರಿ. ನಡದ್ರ ಮಾಡ್ತೀನಿ. ಇಲ್ಲಾಂದ್ರ ಸ್ಟೇಷನ್ ರಸ್ತೆ ದೂರೇನಿಲ್ಲ.”

ಆಕೆ ಮನೆಯವರನ್ನು ಕೇಳಿ ಹೇಳುತ್ತೇನೆಂದು ಎದ್ದುಹೋದಳು. ಇನ್ನೂ ಹೇಳಿ ಕಳಿಸಿಲ್ಲ. ಬಂದರೆ ಬರಲಿ, ಬಿಟ್ಟರೆ ಬಿಡಲಿ. ಆಕೆ ಹೊಸ್ತಿಲು ದಾಟುತ್ತಲೇ ನಾನು ಕುಂಬಳಕಾಯಿ ಹೆಚ್ಚಲು ಕುಳಿತೆ. ಬಾಗಿಲು ಅಗಲಕ್ಕೆ ತೆರೆದೇ ಇತ್ತು, ಓಣಿಯಲ್ಲಿ ಹೋಗಿಬರುವವರಿಗೆಲ್ಲ ಕಾಣುವ ಹಾಗೆ.